ಮಾತ್ರೆಯ ಮಿಕ್ಕ ಭಾಗ

ಥೈರಾಯ್ಡ್ ಕೊರತೆ ಇರುವವರು ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ನುಂಗುವ ಬಿಳಿ ಮಾತ್ರೆಯಲ್ಲಿ ಔಷಧ ಇರುವುದು 50 ಮೈಕ್ರೊಗ್ರಾಂ. ಒಂದು ಗ್ರಾಮನ್ನು ಇಪ್ಪತ್ತು ಸಾವಿರ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು. ಅಷ್ಟನ್ನೇ ತೆಗೆದು ಅಂಗೈಗೆ ಹಾಕಿದರೆ ಕಣ್ಣಿಗೆ ಕಾಣುವುದು ಕಷ್ಟ, ಉಸಿರು ತಾಗಿದರೆ ಹಾರಿಹೋದೀತು. ಮಾತ್ರೆ ತೂಗುವುದು ಮಾತ್ರ ನೂರು ಮಿಲಿಗ್ರಾಂ ಆಸುಪಾಸು. ಅಂದರೆ ನಾವು ‘ಥೈರಾಯ್ಡ್ ಮಾತ್ರೆ’ ಎಂದು ನುಂಗುವುದರಲ್ಲಿ ಹೆಚ್ಚುಕಡಿಮೆ ಎಲ್ಲವೂ ಬೇರೆ ಏನೋ. ಲೇಬಲ್ ನೋಡಿದರೆ ಔಷಧದ ಹೆಸರು, ಪ್ರಮಾಣ, ತಯಾರಿಸಿದವರ ವಿಳಾಸ, ಬೆಲೆ ಎಲ್ಲ ಸಿಗುತ್ತದೆ. ಮಿಕ್ಕ ಭಾಗದ ಬಗ್ಗೆ ಸಾಮಾನ್ಯವಾಗಿ ಇರುವುದು ಒಂದೇ ಸಾಲು: ‘ಎಕ್ಸಿಪಿಯೆಂಟ್ಸ್ ಕ್ಯೂ.ಎಸ್.’ ಉಳಿದದ್ದು ಅಗತ್ಯವಿದ್ದಷ್ಟು ಎಂದು ಅದರ ತಾತ್ಪರ್ಯ. ಏನು ಉಳಿದದ್ದು, ಎಷ್ಟು ಅಗತ್ಯ, ಅದನ್ನು ಕೇಳಬೇಡಿ.

ಕೇಳೋಣ. ಹೆಚ್ಚಿನ ಮಾತ್ರೆಗಳಲ್ಲಿ ಗಾತ್ರ ತುಂಬಲು ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಅಥವಾ ಮರದ ತಿರುಳಿನಿಂದ ಬಂದ ಸೆಲ್ಯುಲೋಸ್ ಇರುತ್ತದೆ. ಹೊಟ್ಟೆಗಿಳಿದ ಮೇಲೆ ಉಬ್ಬಿ ಒಡೆಯಲಿ ಎಂದು ಪಿಷ್ಟ. ಅಚ್ಚು ಒತ್ತುವ ಯಂತ್ರಕ್ಕೆ ಪುಡಿ ಅಂಟದಿರಲಿ ಎಂದು ಮೆಗ್ನೀಶಿಯಂ ಸ್ಟಿಯರೇಟ್. ಈ ಕೊನೆಯದು ನಮಗೆ ಹೊಸದೇನಲ್ಲ. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಸೋಪು ಹಾಕಿದಾಗ ನೊರೆ ಬಾರದೆ ಬಕೆಟ್ಟಿನ ಅಂಚಿಗೆ ಬೆಳ್ಳಗೆ ಒಂದು ಗಸಿ ಹತ್ತುತ್ತದಲ್ಲ, ಅದು ಕ್ಯಾಲ್ಸಿಯಂ ಮತ್ತು ಮೆಗ್ನೀಶಿಯಂ ಸ್ಟಿಯರೇಟಿನಂಥ ಲವಣಗಳ ಮಿಶ್ರಣವೇ. ನೀರಿಗೆ ಒಗ್ಗದ ವಸ್ತು. ಹಾಗಾಗಿ ಇದನ್ನು ನೂರಕ್ಕೆ ಒಂದು ಪಾಲಿಗಿಂತ ಹೆಚ್ಚು ಸೇರಿಸಲು ಔಷಧ ತಯಾರಕರು ಹಿಂಜರಿಯುತ್ತಾರೆ. ಜಾಸ್ತಿಯಾದರೆ ಪುಡಿಯ ಕಣಕಣಕ್ಕೂ ಜಿಡ್ಡು ಮೆತ್ತಿ, ಮಾತ್ರೆ ಹೊಟ್ಟೆಯಲ್ಲಿ ಕರಗಲು ತಡಮಾಡುತ್ತದೆ.

ಅಮೆರಿಕದ ಎಂಐಟಿಯ ತಂಡವೊಂದು ಅಲ್ಲಿ ಮಾರಾಟದಲ್ಲಿರುವ ಮಾತ್ರೆ, ಕ್ಯಾಪ್ಸೂಲುಗಳ ಪಟ್ಟಿಯನ್ನು ಜಾಲಾಡಿ 2019ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಸರಾಸರಿ ಮುಕ್ಕಾಲು ಪಾಲು ತೂಕ ಔಷಧವಲ್ಲದ ಪದಾರ್ಥಗಳದ್ದು. ಸುಮಾರು ಶೇಕಡಾ 45ರಲ್ಲಿ ಲ್ಯಾಕ್ಟೋಸ್ ಇತ್ತು. ಇವನ್ನೆಲ್ಲ ‘ನಿಷ್ಕ್ರಿಯ’ ಪದಾರ್ಥಗಳೆಂದು ಕರೆಯುವ ರೂಢಿ. ರೂಢಿ ಎಷ್ಟು ಸರಿ ಎಂಬುದಕ್ಕೆ ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿ ಒಂದು ಪಾಠ ಆಯಿತು. 1968ರ ಸುಮಾರಿಗೆ ಅಲ್ಲಿ ಮೂರ್ಛೆರೋಗಕ್ಕೆ ಫೆನಿಟಾಯಿನ್ ಕ್ಯಾಪ್ಸೂಲ್ ತೆಗೆದುಕೊಳ್ಳುತ್ತಿದ್ದ ರೋಗಿಗಳು ಒಬ್ಬರ ಹಿಂದೊಬ್ಬರು ತೂರಾಡುತ್ತ, ಮಾತು ತೊದಲುತ್ತ, ಕಣ್ಣು ಮಂಜಾಗಿದೆ ಎನ್ನುತ್ತ ಬಂದರು. ಡೋಸ್ ಬದಲಾಗಿರಲಿಲ್ಲ. ಕ್ಯಾಪ್ಸೂಲಿನಲ್ಲಿ ಫೆನಿಟಾಯಿನ್ ಎಷ್ಟಿರಬೇಕೋ ಅಷ್ಟೇ ಇತ್ತು. ತಯಾರಕರು ಬದಲಿಸಿದ್ದು ಗಾತ್ರ ತುಂಬುವ ಪುಡಿಯನ್ನು ಮಾತ್ರ: ಕ್ಯಾಲ್ಸಿಯಂ ಸಲ್ಫೇಟ್ ಬಿಟ್ಟು ಲ್ಯಾಕ್ಟೋಸ್ ಹಾಕಿದ್ದರು. ಹಳೆಯ ಪುಡಿಯಲ್ಲಿದ್ದ ಕ್ಯಾಲ್ಸಿಯಂ ಒಂದಷ್ಟು ಫೆನಿಟಾಯಿನನ್ನು ಹಿಡಿದಿಟ್ಟು ಕರುಳಿನಿಂದ ಹಾಗೇ ಹೊರಗೆ ಸಾಗಿಸುತ್ತಿತ್ತು. ವೈದ್ಯರು ಆ ನಷ್ಟವನ್ನೂ ಸೇರಿಸಿಯೇ, ಅದು ನಷ್ಟವೆಂದು ತಿಳಿಯದೆಯೇ, ಡೋಸ್ ಹೊಂದಿಸಿದ್ದರು. ಲ್ಯಾಕ್ಟೋಸ್ ಬಂದದ್ದೇ ಔಷಧವೆಲ್ಲ ರಕ್ತಕ್ಕೆ ಸೇರಿತು, ವಿಷದ ಮಟ್ಟಕ್ಕೇರಿತು.

ಪುಡಿಯೇ ಇಷ್ಟು ಮಾಡುವಾಗ, ಕೆಲಸ ಮಾಡಲೆಂದೇ ಸೇರಿಸುವ ಪದಾರ್ಥಗಳು ಸುಮ್ಮನಿದ್ದಾವೆಯೇ? ಅವುಗಳಲ್ಲಿ ಮುಖ್ಯವಾದವು ಸರ್ಫ್ಯಾಕ್ಟೆಂಟ್‌ಗಳು.

ಇಂದಿನ ಔಷಧ ರಸಾಯನಶಾಸ್ತ್ರಕ್ಕೆ ಒಂದು ಹಳೇ ತಲೆನೋವಿದೆ. ಪ್ರಯೋಗಾಲಯದಲ್ಲಿ ಒಳ್ಳೆಯ ಗುಣ ತೋರಿಸುವ ಅಣುಗಳು ಬಹಳಷ್ಟು ನೀರಿನಲ್ಲಿ ಕರಗುವುದೇ ಇಲ್ಲ. ರಕ್ತವೋ ಬಹುಪಾಲು ನೀರು. ಕರಗದ್ದನ್ನು ನಾಳಕ್ಕೆ ಚುಚ್ಚಲಾಗದು, ನುಂಗಿದರೆ ಕರುಳು ಹೀರಿಕೊಳ್ಳದು. ಸರ್ಫ್ಯಾಕ್ಟೆಂಟ್ ಅಣುವಿಗೆ ನೀರನ್ನು ಬಯಸುವ ತಲೆ, ಜಿಡ್ಡನ್ನು ಬಯಸುವ ಬಾಲ. ನೀರಿಗೆ ಸ್ವಲ್ಪ ಹಾಕಿದರೆ ಮೇಲ್ಮೈಯಲ್ಲಿ ಬಾಲವನ್ನು ಗಾಳಿಗೆ ಚಾಚಿ ಸಾಲುಗಟ್ಟಿ ನಿಲ್ಲುತ್ತದೆ. ಮೇಲ್ಮೈ ಭರ್ತಿಯಾದ ಮೇಲೂ ಹಾಕುತ್ತ ಹೋದರೆ ಅಣುಗಳು ನೀರೊಳಗೇ ಹತ್ತಾರು ಒಟ್ಟಾಗಿ, ಬಾಲಗಳನ್ನು ನಡುವೆ ಮುಚ್ಚಿಟ್ಟುಕೊಂಡು ತಲೆಗಳನ್ನು ಹೊರಗೆ ಮಾಡಿ ಉಂಡೆ ಕಟ್ಟುತ್ತವೆ. ಇದು ಮಿಸೆಲ್. ಉಂಡೆಯ ನಡುವಿನ ಜಿಡ್ಡು ಜಾಗದಲ್ಲಿ, ನೀರಿಗೆ ಒಗ್ಗದ ಯಾವುದೇ ಅಣು ಸೇರಿಕೊಳ್ಳಬಹುದು. ಬಟ್ಟೆಯ ಕೊಳೆ ಹೋಗುವುದೂ ಹೀಗೇ, ಔಷಧ ರಕ್ತಕ್ಕಿಳಿಯುವುದೂ ಹೀಗೇ.

ನೀರಿನ ಮೇಲ್ಮೈಯಲ್ಲಿ ಈ ಸಾಲುಗಟ್ಟುವಿಕೆಯನ್ನು ಮೊದಲು ಅಳೆದವರಲ್ಲಿ ಒಬ್ಬಾಕೆಯ ಹೆಸರು ಹೇಳದೆ ಮುಂದೆ ಹೋಗಲು ಮನಸ್ಸಾಗದು. ಜರ್ಮನಿಯ ಬ್ರೌನ್‌ಶ್ವೈಗಿನ ಆಗ್ನೆಸ್ ಪೋಕೆಲ್ಸ್. ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿದ್ದ ಕಾಲ. ಮನೆಯಲ್ಲಿ ಪಾತ್ರೆ ತೊಳೆಯುತ್ತ, ಕಾಯಿಲೆಯ ತಂದೆತಾಯಿಯರನ್ನು ನೋಡಿಕೊಳ್ಳುತ್ತ, ತಗಡಿನ ತೊಟ್ಟಿಯೊಂದರಲ್ಲಿ ನೀರು ತುಂಬಿ, ಮೇಲೆ ಒಂದು ಪಟ್ಟಿಯನ್ನು ಅತ್ತಿತ್ತ ಸರಿಸುತ್ತ, ಜಿಡ್ಡಿನ ಪೊರೆ ಎಷ್ಟು ಹಿಗ್ಗಿದಾಗ ನೀರಿನ ಎಳೆತ ಎಷ್ಟಾಗುತ್ತದೆ ಎಂದು ಅಳೆಯುವ ಉಪಾಯ ಹೂಡಿದಳು. ಹತ್ತು ವರ್ಷ ಹೀಗೇ ಒಬ್ಬಳೇ ಕೆಲಸ ಮಾಡಿ 1891ರಲ್ಲಿ ಇಂಗ್ಲೆಂಡಿನ ಭೌತವಿಜ್ಞಾನಿ ಲಾರ್ಡ್ ರೇಲಿಗೆ ಜರ್ಮನ್ ಭಾಷೆಯಲ್ಲೇ ಪತ್ರ ಬರೆದಳು. ರೇಲಿ ದೊಡ್ಡ ಮನುಷ್ಯ, ದೊಡ್ಡತನವನ್ನೂ ತೋರಿಸಿದ. ಪತ್ರವನ್ನು ಅನುವಾದ ಮಾಡಿಸಿ ‘ನೇಚರ್’ ಪತ್ರಿಕೆಗೆ ಕಳಿಸಿ ಅಚ್ಚು ಹಾಕಿಸಿದ. ಅದೇ ತೊಟ್ಟಿಯ ಸುಧಾರಿತ ರೂಪದಲ್ಲಿ ಕೆಲಸ ಮಾಡಿದ ಅಮೆರಿಕದ ಇರ್ವಿಂಗ್ ಲ್ಯಾಂಗ್‌ಮ್ಯೂರನಿಗೆ ಮೇಲ್ಮೈ ರಸಾಯನಶಾಸ್ತ್ರಕ್ಕಾಗಿ 1932ರ ನೊಬೆಲ್ ಬಂತು. ತೊಟ್ಟಿಗೂ ಅವನ ಹೆಸರೇ ನಿಂತಿತು.

ನಮ್ಮ ದೇಹಕ್ಕೆ ಈ ವಿದ್ಯೆ ಮೊದಲಿನಿಂದಲೂ ಗೊತ್ತು. ಯಕೃತ್ತು ತಯಾರಿಸುವ ಪಿತ್ತರಸದಲ್ಲಿರುವ ಲವಣಗಳು ಸರ್ಫ್ಯಾಕ್ಟೆಂಟ್‌ಗಳೇ. ಒಗ್ಗರಣೆಯ ಎಣ್ಣೆ, ತುಪ್ಪ ಕರುಳಿನಲ್ಲಿ ಸಣ್ಣ ಸಣ್ಣ ಹನಿಯಾಗಿ ಒಡೆದು ಜೀರ್ಣವಾಗುವುದು ಅವುಗಳ ದೆಸೆಯಿಂದ. ಹುಳುಕಡ್ಡಿಗೆ ಕೊಡುವ ಗ್ರಿಸಿಯೊಫುಲ್ವಿನ್ ಮಾತ್ರೆಯನ್ನು ಜಿಡ್ಡಿನ ಊಟದ ಜೊತೆ ನುಂಗಿ ಎಂದು ವೈದ್ಯರು ಹೇಳುವುದರ ಗುಟ್ಟೂ ಇದೇ: ಜಿಡ್ಡು ಕಂಡರೆ ಪಿತ್ತರಸ ಹರಿಯುತ್ತದೆ, ಪಿತ್ತರಸ ಹರಿದರೆ ಕರಗದ ಔಷಧ ಕರಗುತ್ತದೆ. ಶ್ವಾಸಕೋಶದ ಗಾಳಿಚೀಲಗಳ ಒಳಗೋಡೆಯಲ್ಲೂ ಒಂದು ಸರ್ಫ್ಯಾಕ್ಟೆಂಟ್ ಇದೆ. ಅವಧಿಗೆ ಮೊದಲೇ ಹುಟ್ಟಿದ ಶಿಶುವಿನಲ್ಲಿ ಅದು ಸಾಲದೆ ಚೀಲಗಳು ಅಂಟಿಕೊಂಡು ಉಸಿರು ಕಟ್ಟುತ್ತದೆ ಎಂದು 1959ರಲ್ಲಿ ಅಮೆರಿಕದ ವೈದ್ಯೆ ಮೇರಿ ಎಲೆನ್ ಏವರಿ ತೋರಿಸಿಕೊಟ್ಟರು. ಅಮೆರಿಕದ ಅಧ್ಯಕ್ಷ ಕೆನಡಿಯವರ ಮಗು ಪ್ಯಾಟ್ರಿಕ್ 1963ರಲ್ಲಿ ಇದೇ ತೊಂದರೆಯಿಂದ ಎರಡೇ ದಿನದಲ್ಲಿ ತೀರಿಕೊಂಡಿತು. ಇಂದು ಅಂಥ ಶಿಶುಗಳ ಶ್ವಾಸನಾಳಕ್ಕೆ ದನದ ಅಥವಾ ಹಂದಿಯ ಶ್ವಾಸಕೋಶದಿಂದ ತೆಗೆದ ಸರ್ಫ್ಯಾಕ್ಟೆಂಟ್ ಬಿಡುತ್ತಾರೆ. ಇಲ್ಲಿ ಅದು ಪರಿಚಾರಕನಲ್ಲ, ತಾನೇ ಔಷಧ.

ಪರಿಚಾರಕನೇ ಯಜಮಾನನಿಗಿಂತ ಹೆಚ್ಚು ಸುದ್ದಿ ಮಾಡಿದ ಪ್ರಸಂಗ ಪ್ಯಾಕ್ಲಿಟ್ಯಾಕ್ಸೆಲ್‌ನದು. ಸ್ತನ, ಅಂಡಾಶಯದ ಕ್ಯಾನ್ಸರಿಗೆ ಕೀಮೋ ಮಾಡಿಸಿಕೊಂಡವರ ಮನೆಗಳಲ್ಲಿ ಈ ಹೆಸರು ಪರಿಚಿತ. ಅಮೆರಿಕದ ಪಶ್ಚಿಮ ಕರಾವಳಿಯ ಯೂ ಎಂಬ ಮರದ ತೊಗಟೆಯಿಂದ ಇದನ್ನು ಬೇರ್ಪಡಿಸಿ 1971ರಲ್ಲಿ ರಚನೆ ಪ್ರಕಟಿಸಿದವರು ಮನ್ರೊ ವಾಲ್ ಮತ್ತು ಮಹಾರಾಷ್ಟ್ರದ ನಂದೂರ್‌ಬಾರಿನಲ್ಲಿ ಹುಟ್ಟಿದ ಮನಸುಖ್ ವಾಣಿ. ಅಣುವೇನೋ ಸಿಕ್ಕಿತು, ನೀರಿಗೆ ಹಾಕಿದರೆ ಕರಗಲಿಲ್ಲ. ಕೊನೆಗೆ ಕೈಹಿಡಿದದ್ದು ಹರಳೆಣ್ಣೆ.

ಹರಳೆಣ್ಣೆಯ ಕೊಬ್ಬಿನಾಮ್ಲಕ್ಕೆ ಬೇರೆ ಸಾಮಾನ್ಯ ಎಣ್ಣೆಗಳಲ್ಲಿ ಇಲ್ಲದ ಒಂದು ಗುಣವಿದೆ. ಅದರ ಉದ್ದನೆಯ ಸರಪಳಿಯ ನಡುವೆ ಆಮ್ಲಜನಕ–ಜಲಜನಕದ ಒಂದು ಜೋಡಿ ನೇತಾಡುತ್ತಿರುತ್ತದೆ. ಆ ಹಿಡಿಕೆಗೆ ಎಥಿಲೀನ್ ಆಕ್ಸೈಡ್ ಅಣುಗಳನ್ನು ಒಂದರ ಬಾಲಕ್ಕೊಂದು ಪೋಣಿಸುತ್ತ ಹೋದರೆ ನೀರನ್ನು ಬಯಸುವ ಉದ್ದ ತಲೆ ಬೆಳೆಯುತ್ತದೆ. ಹರಳೆಣ್ಣೆಯ ಜಿಡ್ಡು ಬಾಲವಾಗಿ ಉಳಿಯುತ್ತದೆ. ಹೀಗೆ ತಯಾರಾದ ಹಳದಿ ಬಣ್ಣದ ಮಂದ ದ್ರವದ ಹೆಸರು ಕ್ರೆಮೊಫೋರ್ ಇಎಲ್. ಜಗತ್ತಿನ ಹರಳು ಬೆಳೆಯಲ್ಲಿ ಸಿಂಹಪಾಲು ಭಾರತದ್ದು, ಅದರಲ್ಲೂ ಗುಜರಾತಿನದು.

ಈಗ ಲೆಕ್ಕ ನೋಡಿ. ಪ್ಯಾಕ್ಲಿಟ್ಯಾಕ್ಸೆಲ್ ಸೀಸೆಯ ಪ್ರತಿ ಮಿಲಿಲೀಟರಿನಲ್ಲಿ ಔಷಧ 6 ಮಿಲಿಗ್ರಾಂ, ಕ್ರೆಮೊಫೋರ್ 527 ಮಿಲಿಗ್ರಾಂ, ಮಿಕ್ಕದ್ದು ಆಲ್ಕೊಹಾಲ್. ಮಧ್ಯಮ ಮೈಕಟ್ಟಿನ ರೋಗಿಗೆ ಒಂದು ಸಲಕ್ಕೆ 300 ಮಿಲಿಗ್ರಾಂ ಔಷಧ ಬೇಕೆಂದರೆ, ಅದರ ಜೊತೆ ರಕ್ತನಾಳಕ್ಕೆ ಹೋಗುವ ಕ್ರೆಮೊಫೋರ್ ಸುಮಾರು 26 ಗ್ರಾಂ. ಔಷಧಕ್ಕಿಂತ ಎಂಬತ್ತೆಂಟು ಪಟ್ಟು. ರಕ್ತದೊಳಗಿನ ರಕ್ಷಣಾ ವ್ಯವಸ್ಥೆ ಇಷ್ಟೊಂದು ಅಪರಿಚಿತ ಉಂಡೆಗಳನ್ನು ಕಂಡು ಕೆರಳಿದರೆ ಅದರದ್ದೇನು ತಪ್ಪು? ಮೊದಲ ಪರೀಕ್ಷೆಗಳಲ್ಲಿ ರೋಗಿಗಳಿಗೆ ಉಸಿರು ಹಿಡಿಯಿತು, ಮೈ ದದ್ದೆದ್ದಿತು, ರಕ್ತದೊತ್ತಡ ಕುಸಿಯಿತು. ಔಷಧವನ್ನೇ ಕೈಬಿಡುವ ಮಾತೂ ಬಂತು. ಆಮೇಲೆ ನಿಧಾನವಾಗಿ ಹನಿಸುವುದು, ಮೊದಲೇ ಸ್ಟಿರಾಯ್ಡ್ ಮತ್ತು ಅಲರ್ಜಿ ತಡೆಯುವ ಚುಚ್ಚುಮದ್ದು ಕೊಡುವುದು ಎಂಬ ಉಪಾಯ ಕಂಡುಕೊಂಡು 1992ರಲ್ಲಿ ಅಮೆರಿಕದಲ್ಲಿ ಮಂಜೂರಾತಿ ಪಡೆದರು. ಡೇ ಕೇರ್ ವಾರ್ಡಿನಲ್ಲಿ ಕುಳಿತವರು ಗಮನಿಸಿರಬಹುದು: ಪ್ಯಾಕ್ಲಿಟ್ಯಾಕ್ಸೆಲ್ ಹಾಕುವ ಮುಂಚೆ ನರ್ಸ್ ಮೂರು ನಾಲ್ಕು ಬೇರೆ ಇಂಜೆಕ್ಷನ್ ಕೊಡುತ್ತಾರೆ, ಮೊದಲ ಕೆಲವು ನಿಮಿಷ ಪಕ್ಕದಿಂದ ಕದಲುವುದಿಲ್ಲ, ಡ್ರಿಪ್ಪಿಗೆ ಮಾಮೂಲಿ ಪಿವಿಸಿ ನಳಿಕೆಯನ್ನೂ ಬಳಸುವುದಿಲ್ಲ. ಕ್ರೆಮೊಫೋರ್ ಆ ಪ್ಲಾಸ್ಟಿಕ್ಕಿನಲ್ಲಿ ಮೆದುಗೊಳಿಸಲು ಹಾಕಿದ ರಾಸಾಯನಿಕವನ್ನೂ ಕರಗಿಸಿಕೊಂಡು ಬರುತ್ತದೆ. ಸೋಪಿಗೆ ಕೊಳೆ ಯಾವುದು, ನಳಿಕೆ ಯಾವುದು ಎಂಬ ಭೇದವಿಲ್ಲ. ಈ ಏರ್ಪಾಡಿನ ದೊಡ್ಡ ಪಾಲು ಕ್ಯಾನ್ಸರ್ ಔಷಧದ ಕಾರಣಕ್ಕಲ್ಲ, ಅದನ್ನು ಹೊತ್ತು ತಂದ ಎಣ್ಣೆಯ ಕಾರಣಕ್ಕೆ. 2005ರಲ್ಲಿ ಕ್ರೆಮೊಫೋರ್ ಬಿಟ್ಟು, ರಕ್ತದಲ್ಲೇ ಇರುವ ಆಲ್ಬುಮಿನ್ ಪ್ರೋಟೀನಿಗೆ ಔಷಧ ಅಂಟಿಸಿದ ರೂಪ ಬಂತು. ಮೂರು ಗಂಟೆಯ ಡ್ರಿಪ್ ಅರ್ಧ ಗಂಟೆಗೆ ಇಳಿಯಿತು, ಮುಂಚಿತ ಸ್ಟಿರಾಯ್ಡಿನ ಕಡ್ಡಾಯವೂ ತಪ್ಪಿತು. ಬೆಲೆ ಮಾತ್ರ ಹೆಚ್ಚು, ಹಾಗಾಗಿ ಹರಳೆಣ್ಣೆಯ ಹಳೇ ಸೀಸೆ ಇನ್ನೂ ನಡೆಯುತ್ತಿದೆ.

ಇದೇ ಬಳಗದ ಇನ್ನೊಂದು ಹೆಸರು ಪಾಲಿಸಾರ್ಬೇಟ್ 80. ಐಸ್‌ಕ್ರೀಮಿನಲ್ಲಿದೆ, ಕೋವಿಶೀಲ್ಡ್ ಲಸಿಕೆಯಲ್ಲಿತ್ತು, ಹಲವು ಇಂಜೆಕ್ಷನ್‌ಗಳಲ್ಲಿದೆ. ಐಸ್‌ಕ್ರೀಮಿನಲ್ಲಿ ಇದರ ಕೆಲಸ ವಿಚಿತ್ರ. ಹಾಲಿನ ಕೊಬ್ಬಿನ ಹನಿಗಳಿಗೆ ಪ್ರೋಟೀನಿನ ಕವಚವಿರುತ್ತದೆ, ಅವು ಒಂದಕ್ಕೊಂದು ಅಂಟುವುದಿಲ್ಲ. ಪಾಲಿಸಾರ್ಬೇಟ್ ಆ ಪ್ರೋಟೀನನ್ನು ಪಕ್ಕಕ್ಕೆ ತಳ್ಳಿ ತಾನು ಕೂರುತ್ತದೆ. ಅದರ ಕವಚ ತೆಳು, ಕಡೆಯುವಾಗ ಕೊಬ್ಬಿನ ಹನಿಗಳು ಅರ್ಧಂಬರ್ಧ ಬೆಸೆದು ಗಾಳಿಗುಳ್ಳೆಗಳ ಸುತ್ತ ಜಾಲ ಹೆಣೆಯುತ್ತವೆ. ಕಪ್ಪಿನಲ್ಲಿ ಬೇಗ ನೀರಾಗದೆ ನಿಲ್ಲುವ ಐಸ್‌ಕ್ರೀಮಿನ ಗಟ್ಟಿತನ ಬಂದದ್ದು ಹೀಗೆ. ನೂರು ಗ್ರಾಮಿಗೆ ಒಂದು ಹತ್ತನೇ ಗ್ರಾಂ ಹಾಕಿದರೂ ಅದು ಧಾರಾಳವೇ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆಯ ಮಿತಿ ದಿನಕ್ಕೆ ದೇಹತೂಕದ ಕಿಲೋಗೆ 25 ಮಿಲಿಗ್ರಾಂ. 50 ಕಿಲೋ ತೂಗುವವರಿಗೆ 1,250 ಮಿಲಿಗ್ರಾಂ.

ಆದರೆ ಆ ಮಿತಿ ಬಾಯಿಯಿಂದ ಹೋಗುವುದಕ್ಕೆ. 1983ರ ಕೊನೆಯಲ್ಲಿ ಅಮೆರಿಕದ ಮಾರುಕಟ್ಟೆಗೆ ‘ಇ-ಫೆರಾಲ್’ ಎಂಬ ಇಂಜೆಕ್ಷನ್ ಬಂತು. ತೀರಾ ಬೇಗ ಹುಟ್ಟಿದ ಶಿಶುಗಳಿಗೆ ಇ ವಿಟಮಿನ್ ಕೊಡಲು. ಇ ವಿಟಮಿನ್ನೂ ನೀರಿಗೆ ಒಗ್ಗದು, ಅದಕ್ಕೆ ಪಾಲಿಸಾರ್ಬೇಟ್ 80 ಮತ್ತು 20 ಬೆರೆಸಿದ್ದರು. ವಿಟಮಿನ್ ಹಳೆಯದು, ಪಾಲಿಸಾರ್ಬೇಟ್ ತಿನ್ನುವ ವಸ್ತು, ಇನ್ನೇಕೆ ಪರೀಕ್ಷೆ ಎಂಬ ಧೋರಣೆ. ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಮಂಜೂರಾತಿಯನ್ನೂ ಪಡೆದಿರಲಿಲ್ಲ. 1984ರ ಏಪ್ರಿಲಿನಲ್ಲಿ ಹಿಂದಕ್ಕೆ ತರಿಸಿಕೊಳ್ಳುವ ಹೊತ್ತಿಗೆ ಯಕೃತ್ತು, ಮೂತ್ರಪಿಂಡ ಕೆಟ್ಟು, ಹೊಟ್ಟೆಯಲ್ಲಿ ನೀರು ತುಂಬಿ 38 ಶಿಶುಗಳು ಸತ್ತಿದ್ದವು. ಅನುಮಾನ ಹೋದದ್ದು ಹೆಚ್ಚಾಗಿ ಪಾಲಿಸಾರ್ಬೇಟಿನ ಕಡೆಗೇ. ಅಂಥ ಪುಟ್ಟ ಮೈಗೆ ದಿನದಿನವೂ ನೇರ ನಾಳದಲ್ಲಿ ಅಷ್ಟನ್ನು ಹರಿಸಿದ್ದೇ ಅನಾಹುತ. ಅದೇ ವಸ್ತು ಲಸಿಕೆಯ ಒಂದು ಡೋಸಿನಲ್ಲಿ ಒಂದು ಮಿಲಿಗ್ರಾಮಿಗಿಂತ ಕಡಿಮೆ, ತೋಳಿನ ಸ್ನಾಯುವಿಗೆ, ಒಂದೆರಡು ಸಲ. ಇವೆರಡನ್ನೂ ಒಂದೇ ಉಸಿರಿನಲ್ಲಿ ಹೇಳಿ ವಾಟ್ಸಾಪಿನಲ್ಲಿ ಹೆದರಿಸುವವರಿಗೆ ಪ್ರಮಾಣವೂ ಬೇಡ, ದಾರಿಯೂ ಬೇಡ.

ಹಾಗೆಂದು ಬಾಯಿಯಿಂದ ಹೋದದ್ದೆಲ್ಲ ನಿರಪಾಯ ಎಂದು ನಿದ್ದೆ ಹೋಗುವಂತೆಯೂ ಇಲ್ಲ. ಬಿಸ್ಕತ್ತು, ಬ್ರೆಡ್ಡಿನ ಪೊಟ್ಟಣದ ಹಿಂಬದಿ ‘ಎಮಲ್ಸಿಫೈಯರ್ (322, 471, 472ಇ)’ ಎಂದು ಸಣ್ಣಕ್ಷರದಲ್ಲಿ ಇರುತ್ತದೆ. 322 ಅಂದರೆ ಲೆಸಿಥಿನ್, ಸೋಯಾದಿಂದಲೋ ಮೊಟ್ಟೆಯ ಹಳದಿಯಿಂದಲೋ ಬಂದದ್ದು, ನಮ್ಮ ಜೀವಕೋಶಗಳ ಪೊರೆಯಲ್ಲೂ ಇರುವಂಥದ್ದು. 471 ಅರ್ಧ ಜೀರ್ಣವಾದ ಎಣ್ಣೆಯಂಥದು, ಕರುಳಿಗೆ ಪರಿಚಿತ. ಇವುಗಳ ಬಗ್ಗೆ ನನಗೆ ದೊಡ್ಡ ಆತಂಕವಿಲ್ಲ. ಪಾಲಿಸಾರ್ಬೇಟ್ 80 ಮತ್ತು ಮಂದಗೊಳಿಸಲು ಹಾಕುವ ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ ಬೇರೆ ಮಾತು. 2015ರಲ್ಲಿ ‘ನೇಚರ್’ನಲ್ಲಿ ಬೆನ್ವಾ ಶಾಸೇಂ, ಆಂಡ್ರ್ಯೂ ಗೆವಿರ್ಟ್ಸ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗದಲ್ಲಿ, ಇವನ್ನು ಹನ್ನೆರಡು ವಾರ ಕುಡಿಯುವ ನೀರಿನಲ್ಲಿ ಬೆರೆಸಿ ಕೊಟ್ಟ ಇಲಿಗಳ ಕರುಳಿನಲ್ಲಿ ಸಣ್ಣ ಮಟ್ಟದ ಉರಿಯೂತ ಕಂಡಿತು. ಕರುಳಿನ ಲೋಳೆಪದರ ತೆಳುವಾಗಿ ಬ್ಯಾಕ್ಟೀರಿಯಾಗಳು ಗೋಡೆಗೆ ಹತ್ತಿರ ಬಂದಿದ್ದವು. ಇಲಿಗಳು ದಪ್ಪಗಾದವು, ರಕ್ತದ ಸಕ್ಕರೆ ಏರಿತು. ಬ್ಯಾಕ್ಟೀರಿಯಾಗಳೇ ಇಲ್ಲದಂತೆ ಸಾಕಿದ ಇಲಿಗಳಿಗೆ ಇದೇ ನೀರು ಕೊಟ್ಟರೆ ಏನೂ ಆಗಲಿಲ್ಲ. ಆ ಕೊನೆಯ ಅಂಶ ಮುಖ್ಯ. ಈ ಪದಾರ್ಥಗಳು ನಮ್ಮನ್ನು ನೇರವಾಗಿ ಕೆಣಕಿರಲಿಲ್ಲ, ಕರುಳಿನೊಳಗಿನ ಬಾಡಿಗೆದಾರರನ್ನು ಕೆಣಕಿದ್ದವು. ಹಳೆಯ ಸುರಕ್ಷತಾ ಪರೀಕ್ಷೆಗಳು ಅವರನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಮನುಷ್ಯರ ಮೇಲೆ ನಡೆದದ್ದು ಸಣ್ಣ ಪ್ರಯೋಗ. 16 ಮಂದಿ ಸ್ವಯಂಸೇವಕರು, 11 ದಿನ ಒಂದೇ ಬಗೆಯ ಊಟ, ಕೆಲವರಿಗೆ ಮಾತ್ರ ದಿನಕ್ಕೆ 15 ಗ್ರಾಂ ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್. ಅದನ್ನು ತಿಂದವರ ಕರುಳಿನ ಬ್ಯಾಕ್ಟೀರಿಯಾಗಳ ವೈವಿಧ್ಯ ತಗ್ಗಿತು, ಇಬ್ಬರಲ್ಲಿ ಅವು ಲೋಳೆಪದರದೊಳಕ್ಕೆ ನುಗ್ಗಿದ್ದವು. 15 ಗ್ರಾಂ ಅನ್ನುವುದು ಯಾರೂ ದಿನನಿತ್ಯ ತಿನ್ನದ ಪ್ರಮಾಣ, 16 ಮಂದಿಯಿಂದ ಜಗತ್ತಿಗೆ ನಿಯಮ ಮಾಡಲಾಗದು. ಆದರೂ ಪ್ರಶ್ನೆ ನ್ಯಾಯವಾದದ್ದು. ಉತ್ತರ ಬರುವವರೆಗೆ ವಾರಕ್ಕೊಮ್ಮೆ ಐಸ್‌ಕ್ರೀಂ ತಿನ್ನುವವರು ತಿನ್ನಬಹುದು. ಮೂರು ಹೊತ್ತೂ ಪೊಟ್ಟಣ ಹರಿದು ತಿನ್ನುವವರಿಗೆ ಎಮಲ್ಸಿಫೈಯರಿಗಿಂತ ಮೊದಲು ಯೋಚಿಸಬೇಕಾದ ಸಕ್ಕರೆ, ಉಪ್ಪು, ಎಣ್ಣೆ ಅದೇ ಪೊಟ್ಟಣದಲ್ಲಿವೆ.

‘ನೈಸರ್ಗಿಕ’ ಎಂಬ ಮಾತಿಗೆ ಮರುಳಾಗುವವರಿಗೆ ಅಂಟುವಾಳಕಾಯಿಯನ್ನು ನೆನಪಿಸಬೇಕು. ರೇಷ್ಮೆ ಸೀರೆಗೆ, ಒಡವೆಗೆ, ತಲೆಗೂದಲಿಗೆ ಅದರ ನೊರೆ ಮೃದು. ಆ ನೊರೆಗೆ ಕಾರಣವಾದ ಸಪೋನಿನ್‌ಗಳು ರಕ್ತಕ್ಕೆ ಸೇರಿದರೆ ಕೆಂಪು ರಕ್ತಕಣಗಳನ್ನು ಒಡೆದುಹಾಕುತ್ತವೆ. ಅದೇ ಗುಣವನ್ನು ಹದಕ್ಕೆ ತಂದುಕೊಂಡವರೂ ಇದ್ದಾರೆ. ಚಿಲಿ ದೇಶದ ಕ್ವಿಲ್ಲಾಯ ಮರದ ತೊಗಟೆಯ ಸಪೋನಿನ್ ತಂಪುಪಾನೀಯಕ್ಕೆ ನೊರೆ ಬರಿಸಲು ಹೋಗುತ್ತದೆ. ಅದನ್ನೇ ಶುದ್ಧಮಾಡಿ ಕೊಲೆಸ್ಟರಾಲಿನ ಜೊತೆ ಕಟ್ಟಿಹಾಕಿ, ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ತಯಾರಿಸುವ ಮಲೇರಿಯಾ ಲಸಿಕೆ ಆರ್21ಕ್ಕೆ ಬಲ ಕೊಡಲು ಬಳಸುತ್ತಾರೆ.

ಇಷ್ಟೂ ಹೊತ್ತು ಹೇಳಿದ್ದು ಗೊತ್ತಿದ್ದು ಹಾಕುವ ಪದಾರ್ಥಗಳ ಕಥೆ. ಅವುಗಳ ವೇಷದಲ್ಲಿ ಬರುವ ವಿಷದ ಕಥೆ ಇನ್ನೂ ಹಳೆಯದು, ಇನ್ನೂ ಮುಗಿದಿಲ್ಲ. ಪ್ಯಾರಾಸಿಟಮಾಲ್ ಒಂದು ಮಿಲಿಲೀಟರ್ ನೀರಿನಲ್ಲಿ ಕರಗುವುದು ಹದಿನಾಲ್ಕು ಮಿಲಿಗ್ರಾಂ ಆಸುಪಾಸು. ಮಕ್ಕಳ ಔಷಧದಲ್ಲಿ ಬೇಕಾದದ್ದು 24, ಕೆಲವೊಮ್ಮೆ 50 ಮಿಲಿಗ್ರಾಂ. ಒಂದೋ ಪುಡಿಯನ್ನು ಅಂಟು ಸೇರಿಸಿ ತೇಲಿಸಬೇಕು, ‘ಚೆನ್ನಾಗಿ ಅಲುಗಾಡಿಸಿ ಬಳಸಿ’ ಎಂದು ಬರೆಯಬೇಕು. ಇಲ್ಲವೇ ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್‌ನಂಥ ಸಿಹಿ ದ್ರಾವಕದಲ್ಲಿ ಕರಗಿಸಬೇಕು. ಈ ಎರಡಕ್ಕೂ ಒಬ್ಬ ದಾಯಾದಿ ಇದ್ದಾನೆ, ಡೈಎಥಿಲೀನ್ ಗ್ಲೈಕಾಲ್. ನೋಟ ಅದೇ, ಸಿಹಿ ಅದೇ, ಅಗ್ಗ. ದೇಹದೊಳಗೆ ಅದು ಡೈಗ್ಲೈಕಾಲಿಕ್ ಆಮ್ಲವಾಗಿ ಮೂತ್ರಪಿಂಡದ ನಳಿಕೆಗಳನ್ನು ಕೊಲ್ಲುತ್ತದೆ.

1937ರಲ್ಲಿ ಅಮೆರಿಕದ ಟೆನೆಸ್ಸಿಯ ಮ್ಯಾಸೆಂಗಿಲ್ ಕಂಪನಿ ಸೋಂಕಿಗೆ ಕೊಡುವ ಸಲ್ಫಾ ಔಷಧವನ್ನು ಇದರಲ್ಲೇ ಕರಗಿಸಿ, ರಾಸ್ಪ್‌ಬೆರಿ ಪರಿಮಳ ಬೆರೆಸಿ ಮಾರಿತು. ದ್ರವದಲ್ಲಿ ನೂರಕ್ಕೆ 72 ಪಾಲು ವಿಷ. ನೋಟ, ರುಚಿ, ವಾಸನೆ ಪರೀಕ್ಷಿಸಿದ್ದರು, ಪ್ರಾಣಿಗಳ ಮೇಲೆ ಪರೀಕ್ಷಿಸಿರಲಿಲ್ಲ. ಸತ್ತವರು ನೂರಕ್ಕೂ ಹೆಚ್ಚು. ಅಂದಿನ ಕಾನೂನಿನಲ್ಲಿ ಕಂಪನಿಯ ಮೇಲೆ ಹೊರಿಸಲಾದ ಅಪರಾಧವೆಂದರೆ, ಆಲ್ಕೊಹಾಲ್ ಇಲ್ಲದ ದ್ರವವನ್ನು ‘ಎಲಿಕ್ಸಿರ್’ ಎಂದು ಕರೆದದ್ದು! ಮರುವರ್ಷ ಅಮೆರಿಕ ಹೊಸ ಕಾಯ್ದೆ ತಂದಿತು. 1986ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ಗ್ಲಿಸರಿನ್ ಎಂದು ಕುಡಿಸಿದ್ದರಲ್ಲಿ ಇದೇ ಇದ್ದು 14 ರೋಗಿಗಳು ಸತ್ತರು, ನ್ಯಾಯಮೂರ್ತಿ ಲೆಂಟಿನ್ ಆಯೋಗ ವಿಚಾರಣೆ ನಡೆಸಿತು. 2022ರಲ್ಲಿ ಗಾಂಬಿಯಾದಲ್ಲಿ ಸುಮಾರು 70 ಮಕ್ಕಳು, ಅನುಮಾನ ಭಾರತದಿಂದ ಹೋದ ಸಿರಪ್‌ಗಳ ಮೇಲೆ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಕ್ಕಳು. ತಮಿಳುನಾಡಿನಲ್ಲಿ ತಯಾರಾದ ಆ ಕೆಮ್ಮಿನ ಸಿರಪ್ಪನ್ನು ಅಲ್ಲಿನ ಸರ್ಕಾರಿ ಪ್ರಯೋಗಾಲಯ ಪರೀಕ್ಷಿಸಿದಾಗ ಡೈಎಥಿಲೀನ್ ಗ್ಲೈಕಾಲ್ ಶೇಕಡಾ 48.6 ಇತ್ತು. ಗ್ಲಿಸರಿನ್‌ನಂಥ ದ್ರಾವಕದಲ್ಲಿ ಇರಬಹುದಾದ ಮಿತಿ ಶೇಕಡಾ 0.1.

ಇದನ್ನು ಪತ್ತೆಹಚ್ಚಲು ಹೊಸ ವಿಜ್ಞಾನವೇನೂ ಬೇಕಾಗಿಲ್ಲ. ದ್ರಾವಕದ ಪ್ರತಿ ಪೀಪಾಯಿಯನ್ನು ಬಳಸುವ ಮುಂಚೆ ಪರೀಕ್ಷಿಸಿದ್ದರೆ ಸಾಕಿತ್ತು. ಪರೀಕ್ಷೆಯ ವಿಧಾನ ಇದೆ, ಉಪಕರಣ ಇದೆ, ನಿಯಮವೂ ಇದೆ. ಔಷಧಕ್ಕೆ ಕೊಡುವ ಗಮನವನ್ನು ‘ಕ್ಯೂ.ಎಸ್.’ ಎಂಬ ಎರಡಕ್ಷರದ ಹಿಂದಿರುವ ಪದಾರ್ಥಗಳಿಗೆ ಕೊಡುವವರಿಲ್ಲ, ಅಷ್ಟೆ.

ಓದುಗರು ಮಾಡಬಹುದಾದದ್ದು ಸ್ವಲ್ಪವೇ, ಆದರೆ ಇದೆ. ಯಾವುದಾದರೂ ಇಂಜೆಕ್ಷನ್‌ನಿಂದ ಮೈ ದದ್ದೆದ್ದಿದ್ದರೆ ಔಷಧದ ಹೆಸರಿನ ಜೊತೆ ಕಂಪನಿಯ ಹೆಸರನ್ನೂ ಬರೆದಿಟ್ಟುಕೊಂಡು ವೈದ್ಯರಿಗೆ ತೋರಿಸಿ. ಹಾಲು ಒಗ್ಗದವರು, ಗೋಧಿ ಒಗ್ಗದವರು ಅದನ್ನು ಹೇಳಲು ಸಂಕೋಚಪಡಬೇಡಿ. ಥೈರಾಯ್ಡ್, ಮೂರ್ಛೆರೋಗದ ಮಾತ್ರೆಯ ಬ್ರ್ಯಾಂಡನ್ನು ಅಂಗಡಿಯವರು ಬದಲಿಸಿ ಕೊಟ್ಟರೆ ವೈದ್ಯರನ್ನು ಒಂದು ಮಾತು ಕೇಳಿ. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು–ನೆಗಡಿಯ ಸಿರಪ್ ಕೊಡಲೇಬಾರದು, ಐದರೊಳಗಿನವರಿಗೂ ಸಾಮಾನ್ಯವಾಗಿ ಬೇಡ ಎಂದು ಕೇಂದ್ರ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ 2025ರ ಅಕ್ಟೋಬರಿನಲ್ಲಿ ತಿಳಿಸಿದೆ. ಮಕ್ಕಳ ಕೆಮ್ಮು ಬಹುತೇಕ ತಾನಾಗಿ ವಾಸಿಯಾಗುತ್ತದೆ.